ಬ್ಲಾಕ್‌ಚೈನ್ ಮತ್ತು ರಿವರ್ಸ್ ಪ್ರಾಕ್ಸಿ: ಎರಡನ್ನೂ ಜೊತೆಯಾಗಿ ಕಲಿಯುವುದು ಹೇಗೆ?

ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನಿನ ಮೇಲೆ ನಡೆಯುವ ಪ್ರೋಗ್ರಾಮ್) ಬರೆಯಲು ಕಲಿತವರು ಸರ್ವರ್ ವಿಷಯಕ್ಕೆ, ಅದರಲ್ಲೂ ರಿವರ್ಸ್ ಪ್ರಾಕ್ಸಿಗೆ (ಒಳಗಿನ ಸರ್ವರಿನ ಮುಂದೆ ನಿಂತು ಹೊರಗಿನ ಕೋರಿಕೆಗಳನ್ನು ಅದಕ್ಕೆ ದಾಟಿಸುವ ಸರ್ವರ್) ಕೈಹಾಕುವುದು ಕಡಿಮೆ. ಆದರೆ ಎಥೀರಿಯಂ ಬ್ಲಾಕ್‌ಚೈನಿನ ನೋಡ್ (ಆ ಜಾಲದ ಒಂದು ಕಂಪ್ಯೂಟರ್) ನಡೆಸಬೇಕಾದವರಿಗೆ ಎರಡೂ ಬೇಕು. ನೋಡ್ ನಡೆಸುವ ಗೆತ್ ತಂತ್ರಾಂಶ ಕೋರಿಕೆಗಳನ್ನು ಪಡೆಯುವ 8545ನೇ ಪೋರ್ಟ್‌ಗೆ ಪಾಸ್‌ವರ್ಡಿನ ಕಾವಲಿಲ್ಲ. ಆದ್ದರಿಂದಲೇ ಅದು ಬೇರೆ ಸೂಚನೆ ಕೊಡದಿದ್ದರೆ ಅದೇ ಯಂತ್ರದಿಂದ ಬಂದ ಕೋರಿಕೆಗಳಿಗಷ್ಟೇ ಉತ್ತರಿಸುತ್ತದೆ. ಅದನ್ನು ಇಂಟರ್ನೆಟ್ಟಿಗೆ ತೆರೆದಿಟ್ಟವರ ಈಥರ್ (ಎಥೀರಿಯಂನ ಹಣ) ಕಳವಾದದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಮೊದಲು ಕಾಂಟ್ರ್ಯಾಕ್ಟ್ ಬರೆಯುವ ಸಾಲಿಡಿಟಿ ಭಾಷೆಯನ್ನು ಹಿಡಿಯಿರಿ. ಅದನ್ನು ಬರೆದು ಓಡಿಸುವ ರೀಮಿಕ್ಸ್ ತಂತ್ರಾಂಶ ಬ್ರೌಸರಿನಲ್ಲೇ ನಡೆಯುವುದರಿಂದ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸಾಲಿಡಿಟಿಯ ಅಧಿಕೃತ ಕೈಪಿಡಿಯಲ್ಲಿರುವ ಮತದಾನ ಮತ್ತು ಹರಾಜಿನ ಉದಾಹರಣೆಗಳನ್ನು ನಕಲು ಮಾಡದೆ ಕೈಯಾರೆ ಟೈಪ್ ಮಾಡಿ ಓಡಿಸಿ; ವೀಡಿಯೊ ಪಾಠಗಳು ಬೇಗ ಹಳತಾಗುವುದರಿಂದ ನಾನು ಕೈಪಿಡಿಯನ್ನೇ ಮುಂದಿಡುತ್ತೇನೆ. ಅದರ ಭದ್ರತೆಯ ಅಧ್ಯಾಯವನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳಬೇಡಿ. 2016ರ ಜೂನ್‌ನಲ್ಲಿ ‘ದಿ ಡಿಎಒ’ ಎಂಬ ಹೂಡಿಕೆ ನಿಧಿಯ ಕಾಂಟ್ರ್ಯಾಕ್ಟಿನಿಂದ ಸುಮಾರು 36 ಲಕ್ಷ ಈಥರ್ ಸೋರಿಹೋದದ್ದಕ್ಕೆ ಕಾರಣ, ಖಾತೆಯ ಲೆಕ್ಕವನ್ನು ತಗ್ಗಿಸುವ ಮೊದಲೇ ಹಣವನ್ನು ಕಳುಹಿಸುತ್ತಿದ್ದ ಸಾಲುಗಳು: ಹಣ ಪಡೆದ ಕಾಂಟ್ರ್ಯಾಕ್ಟ್ ಆ ನಡುವೆಯೇ ಮತ್ತೆ ಮತ್ತೆ ಕೇಳಿ ಪಡೆಯಬಹುದಿತ್ತು. ಮೊದಲು ಪರಿಶೀಲನೆ, ಆಮೇಲೆ ಲೆಕ್ಕ, ಕೊನೆಗೆ ರವಾನೆ ಎಂಬ ಕ್ರಮ ಕೈಗೆ ಅಭ್ಯಾಸವಾಗಬೇಕು. ‘ಎಥರ್ನಾಟ್’ ಎಂಬ ಆಟದಲ್ಲಿ ಇಂತಹ ದೋಷಗಳಿರುವ ಕಾಂಟ್ರ್ಯಾಕ್ಟ್‌ಗಳನ್ನು ನೀವೇ ಮುರಿದು ನೋಡಬಹುದು.

ನಂತರ ಕಾಂಟ್ರ್ಯಾಕ್ಟ್ ಪರೀಕ್ಷಿಸುವ ಹಾರ್ಡ್‌ಹ್ಯಾಟ್ ಸಾಧನ ಬಳಸಿ ನಿಮ್ಮ ಲ್ಯಾಪ್‌ಟಾಪಿನಲ್ಲೇ ಒಂದು ಬ್ಲಾಕ್‌ಚೈನನ್ನು ನಡೆಸಿ. ಅದು ತಲಾ 10,000 ಪರೀಕ್ಷಾ ಈಥರ್ ಇರುವ 20 ಖಾತೆಗಳನ್ನು ಕೊಡುತ್ತದೆ. ಆ ಖಾತೆಗಳ ಖಾಸಗಿ ಕೀಗಳು (ಹಣ ಕಳುಹಿಸಲು ಬೇಕಾದ ಗುಟ್ಟಿನ ಸಂಖ್ಯೆಗಳು) ಲೋಕಕ್ಕೆಲ್ಲ ಗೊತ್ತಿರುವುದರಿಂದ ಅವುಗಳಿಗೆ ನಿಜವಾದ ಹಣವನ್ನು ಎಂದಿಗೂ ಹಾಕಬಾರದು.

ಈಗ ಅದರ ಮುಂದೆ ರಿವರ್ಸ್ ಪ್ರಾಕ್ಸಿಯಾಗಿ ಎಂಜಿನ್‌ಎಕ್ಸ್ (nginx) ನಿಲ್ಲಿಸಿ. ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಈ ಸರ್ವರಿನ ಅಧಿಕೃತ ಆರಂಭಿಕರ ಮಾರ್ಗದರ್ಶಿಯಲ್ಲಿ ಸರಳ ಪ್ರಾಕ್ಸಿ ಕಟ್ಟುವ ಭಾಗವಿದೆ. ಶುರುಮಾಡಲು ಅಷ್ಟು ಸಾಕು. ಕೋರಿಕೆಯನ್ನು ಎಲ್ಲಿಗೆ ಕಳುಹಿಸಬೇಕೆಂದು ಹೇಳುವ ಪ್ರಾಕ್ಸಿ ಪಾಸ್ (proxy_pass) ಸಾಲಿನಲ್ಲಿ ವಿಳಾಸದ ಕೊನೆಯ ಓರೆಗೆರೆಯನ್ನು (/) ಒಮ್ಮೆ ಇಟ್ಟು, ಒಮ್ಮೆ ತೆಗೆದು, ಒಳಗಿನ ಸರ್ವರಿಗೆ ತಲುಪುವ ಹಾದಿ ಹೇಗೆ ಬದಲಾಗುತ್ತದೆ ಎಂಬುದನ್ನು ಲಾಗ್‌ನಲ್ಲಿ ನೋಡಿ. ಬಳಿಕ ನೋಡ್ ನಿಲ್ಲಿಸಿ 502 ದೋಷವನ್ನು (ಒಳಗಿನ ಸರ್ವರ್ ಸಿಗುತ್ತಿಲ್ಲ ಎಂಬ ಸೂಚನೆ) ಬೇಕೆಂದೇ ತರಿಸಿಕೊಳ್ಳಿ. ವೆಬ್‌ಸಾಕೆಟ್‌ಗೆ (ಎರಡೂ ಕಡೆಯಿಂದ ಮಾತಾಡಲು ತೆರೆದೇ ಇರುವ ಸಂಪರ್ಕ) ‘ಅಪ್‌ಗ್ರೇಡ್’ ಮತ್ತು ‘ಕನೆಕ್ಷನ್’ ಹೆಡರ್‌ಗಳನ್ನು ನಾವೇ ದಾಟಿಸಬೇಕು; ನೋಡ್ 60 ಸೆಕೆಂಡು ಏನನ್ನೂ ಕಳುಹಿಸದೆ ಸುಮ್ಮನಿದ್ದರೆ, ಆ ಮಿತಿಯನ್ನು ಬದಲಿಸದ ಹೊರತು, ಸಂಪರ್ಕ ಕಡಿದುಹೋಗುತ್ತದೆ.

ಹೊಸಬರು ಎಡವುವ ಮುಖ್ಯ ಜಾಗ ಬೇರೆಯೇ ಇದೆ. ನೋಡ್‌ಗೆ ಹೋಗುವ ಕರೆಗಳೆಲ್ಲ ಒಂದೇ ಹಾದಿಗೆ ಬರುತ್ತವೆ, ಕರೆಯ ಹೆಸರು ಕೋರಿಕೆಯ ಒಡಲಿನಲ್ಲಿರುತ್ತದೆ. ಹಾಗಾಗಿ ಹಾದಿಯನ್ನಷ್ಟೇ ನೋಡುವ ಪ್ರಾಕ್ಸಿ ನಿಯಮಕ್ಕೆ ಬ್ಯಾಲೆನ್ಸ್ ಕೇಳುವ ಕರೆಗೂ ಆಡಳಿತದ ಕರೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಪಾಸ್‌ವರ್ಡ್, ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ) ಮತ್ತು ಕೋರಿಕೆಗಳ ವೇಗಮಿತಿಯನ್ನು ಎಂಜಿನ್‌ಎಕ್ಸ್‌ಗೆ ಒಪ್ಪಿಸಿ. ‘ಅಡ್ಮಿನ್’ ಮತ್ತು ‘ಡೀಬಗ್’ ಗುಂಪಿನ ಕರೆಗಳನ್ನು ಮಾತ್ರ ನೋಡ್‌ನಲ್ಲಿಯೇ ಮುಚ್ಚಿಡಿ.