ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ: ಮಳೆಗಾಲ ಲೆಕ್ಕ ಹಾಕಿ ಹೊರಡಿ

ಬಾಟನಿಯಲ್ಲಿ ಪಿಎಚ್‌ಡಿ ಮಾಡುವವರು ವರ್ಷ ಎಣಿಸಿದರೆ ಸಾಲದು, ಮಳೆಗಾಲ ಎಣಿಸಬೇಕು. ಅದಕ್ಕೂ ಮೊದಲು ಒಳಗೆ ಹೋಗುವ ದಾರಿ ನೋಡೋಣ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಎಂಎಸ್‌ಸಿಯಲ್ಲಿ ಶೇ 55 ಅಂಕ ಬೇಕು. ಮೀಸಲಾತಿ ವರ್ಗದವರಿಗೆ, ಅಂಗವಿಕಲರಿಗೆ ಶೇ 5ರಷ್ಟು ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಬಂದಿದ್ದರೆ ಎಂಎಸ್‌ಸಿ ಇಲ್ಲದೆಯೂ ಅರ್ಜಿ ಹಾಕಬಹುದು.

ಆಮೇಲೆ ಪರೀಕ್ಷೆ. ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಬಾಟನಿ ಅಂತ ಬೇರೆ ಪೇಪರ್ ಇಲ್ಲ, ಲೈಫ್ ಸೈನ್ಸಸ್ ಬರೆಯಬೇಕು. ಪ್ರಾಣಿಗಳ ವಿಷಯವನ್ನೂ ಓದಲೇಬೇಕು. ಅದರಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000. ಫೀಲ್ಡ್ ಓಡಾಟಕ್ಕೆ ಜಾಸ್ತಿ ಖರ್ಚು ಬರುತ್ತದೆ. ಹಾಗಾಗಿ ಜೆಆರ್‌ಎಫ್‌ಗೆ ಒಂದೆರಡು ಸಲ ಪ್ರಯತ್ನ ಪಟ್ಟರೂ ನಷ್ಟವಿಲ್ಲ.

ಕಾಲೇಜಿನಲ್ಲಿ ಮಾಡುವವರು ಒಂದು ಮಾತು ನೆನಪಿಡಿ. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಕಾಲೇಜಿನ ಬಾಟನಿ ವಿಭಾಗಕ್ಕೆ ಸಂಶೋಧನಾ ಕೇಂದ್ರದ ಮಾನ್ಯತೆ ಇದೆಯಾ ಅಂತ ಮೊದಲು ಕೇಳಿ. ಗೈಡ್ ಹತ್ತಿರ ಸೀಟು ಖಾಲಿ ಇರಬೇಕು. ಪ್ರೊಫೆಸರ್ ಎಂಟು, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನರನ್ನು ಮಾತ್ರ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷವೂ ಉಳಿದಿಲ್ಲದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ನೀವು ಸೇರಬೇಕೆಂದಿರುವ ಗೈಡ್ ಹತ್ತಿರ ಈಗ ಕೆಲಸ ಮಾಡುತ್ತಿರುವ ವಿದ್ಯಾರ್ಥಿಗಳ ಜೊತೆ ಒಂದು ಸಂಜೆ ಕೂತು ಮಾತಾಡಿ. ಗೈಡ್ ಎಂಥವರು ಅಂತ ಅಲ್ಲೇ ತಿಳಿಯುತ್ತದೆ.

ಈಗ ವಿಷಯದ ಆಯ್ಕೆ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮೂರು ವರ್ಷ ಅಂದರೆ ಮೂರೇ ಮಳೆಗಾಲ, ಅಲ್ವಾ? ಅದರಲ್ಲಿ ಒಂದು ಕೋರ್ಸ್‌ವರ್ಕ್‌ನಲ್ಲೇ (ಶುರುವಿನ ತರಗತಿ ಪಾಠಗಳಲ್ಲೇ) ಕಳೆದುಹೋಗಬಹುದು. ಪಶ್ಚಿಮ ಘಟ್ಟದ ಬಂಡೆಗಳ ಮೇಲಿನ ಪುಟ್ಟ ಗಿಡಗಳು ಮಳೆ ಜೊತೆ ಹುಟ್ಟಿ, ಮಳೆ ನಿಂತ ಸ್ವಲ್ಪ ದಿನಕ್ಕೆ ಒಣಗುತ್ತವೆ. ಈ ವರ್ಷ ತಪ್ಪಿದರೆ ಮುಂದಿನ ವರ್ಷವೇ. ನೀಲಕುರಿಂಜಿ ಹೂಬಿಡುವುದು 12 ವರ್ಷಕ್ಕೊಮ್ಮೆ. ಅದರ ಪರಾಗಸ್ಪರ್ಶ ನೋಡುತ್ತೇನೆ ಅಂತ ಹೊರಟರೆ ಆರು ವರ್ಷವೂ ಸಾಲದೆ ಹೋಗಬಹುದು. ಅದಕ್ಕೇ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಬರೆಯುವ ಮೊದಲು ನಿಮ್ಮ ಗಿಡ ಯಾವಾಗ ಚಿಗುರುತ್ತದೆ, ಯಾವಾಗ ಹೂ, ಯಾವಾಗ ಕಾಯಿ ಅಂತ ತಿಂಗಳುವಾರು ಬರೆದುಕೊಳ್ಳಿ.

ಅಭಯಾರಣ್ಯದಲ್ಲೋ ರಾಷ್ಟ್ರೀಯ ಉದ್ಯಾನದಲ್ಲೋ ಕೆಲಸ ಇದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ವಿಷಯ ಗಟ್ಟಿಯಾದ ದಿನವೇ ಅರ್ಜಿ ಹಾಕಿ. ಕಾಗದ ಬರುವಷ್ಟರಲ್ಲಿ ಹೂ ಉದುರಿಹೋದರೆ ಏನು ಮಾಡುತ್ತೀರಿ?

ಗಿಡ ತಂದ ದಿನವೇ ಪ್ರೆಸ್‌ಗೆ (ಕಾಗದಗಳ ನಡುವೆ ಒತ್ತಿ ಒಣಗಿಸುವ ಚೌಕಟ್ಟಿಗೆ) ಹಾಕಿ. ಮಳೆಗಾಲದಲ್ಲಿ ಪೇಪರ್ ದಿನಾ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಹೂವಿನ ಬಣ್ಣ ಉಳಿಯುವುದಿಲ್ಲ, ವಾಸನೆಯಂತೂ ಇಲ್ಲವೇ ಇಲ್ಲ. ಎರಡನ್ನೂ ಸ್ಥಳದಲ್ಲೇ ಬರೆದುಕೊಳ್ಳಿ. ಜಾಗ, ಎತ್ತರ, ದಿನಾಂಕ, ಸಂಗ್ರಹ ಸಂಖ್ಯೆಯೂ ಇರಲಿ. ಒಣಗಿಸಿದ ಗಿಡದ ಒಂದು ಪ್ರತಿಯನ್ನು ಮಾನ್ಯತೆ ಇರುವ ಹರ್ಬೇರಿಯಂಗೆ (ಒಣ ಗಿಡಗಳನ್ನು ಕಾಪಿಡುವ ಸಂಗ್ರಹಾಲಯಕ್ಕೆ) ಕೊಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಒಂದು ಒಳ್ಳೆಯ ಹರ್ಬೇರಿಯಂ ಇದೆ.

ಪ್ರತಿ ಸೆಮಿಸ್ಟರ್‌ಗೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು. ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಅವಧಿ, 240 ದಿನಗಳ ಹೆರಿಗೆ ರಜೆ ಸಿಗುತ್ತದೆ. ಕೇಳಿ ಪಡೆಯಿರಿ, ಸಂಕೋಚ ಬೇಡ.

ಕೊನೆಗೆ ಥೀಸಿಸ್ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ, ಆಮೇಲೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ‘ಈ ಗಿಡ ಇದೇ ಅಂತ ಹೇಗೆ ಹೇಳುತ್ತೀರಿ?’ ಅಂತ ಅಲ್ಲಿ ಕೇಳಿದರೆ, ಹರ್ಬೇರಿಯಂಗೆ ಕೊಟ್ಟ ಪ್ರತಿಯ ನಂಬರ್ ಹೇಳಿ.