ಕೂತ ನೊಣ, ಹಾರುವ ನೊಣ: ಚಲನೆ ಗ್ರಹಿಸುವ ನರಕೋಶ ಮತ್ತು ಆಕ್ಟೋಪಮೈನ್

ಹಣ್ಣಿನ ನೊಣದ ಚಲನಾದೃಷ್ಟಿ ಅಳೆಯುವಾಗ ಮೊದಲು ಬರೆದಿಡಬೇಕಾದದ್ದು ನೊಣ ಕೂತಿತ್ತೋ, ನಡೆಯುತ್ತಿತ್ತೋ, ಹಾರುತ್ತಿತ್ತೋ ಎಂಬುದನ್ನು. ಅದರ ಕಣ್ಣೆದುರು ಸರಿಸುವ ಕಪ್ಪು-ಬಿಳಿ ಪಟ್ಟೆಯ ವೇಗ ಆಮೇಲಿನ ಮಾತು. ಹಾರಾಟ ಶುರುವಾದಾಗ ಮಿದುಳಿನಲ್ಲಿ ಆಕ್ಟೋಪಮೈನ್ ಎಂಬ ನರರಾಸಾಯನಿಕ ಸ್ರವಿಸುತ್ತದೆ. ಆಗ ಮಿದುಳಿನ ದೃಷ್ಟಿಭಾಗವಾದ ಲೋಬ್ಯುಲಾ ಪ್ಲೇಟಿನಲ್ಲಿ ಚಲನೆ ಗ್ರಹಿಸುವ ದೊಡ್ಡ ನರಕೋಶಗಳು ಅದೇ ಪಟ್ಟೆಗೆ ಹೆಚ್ಚು ಬಲವಾಗಿ ಸ್ಪಂದಿಸುತ್ತವೆ, ವೇಗದ ಚಲನೆಗಂತೂ ಇನ್ನೂ ಹೆಚ್ಚು. ಆಕ್ಟೋಪಮೈನ್ ನರಕೋಶಗಳನ್ನು ತಡೆದರೆ ಈ ಹೆಚ್ಚಳ ಇಲ್ಲವಾಗುತ್ತದೆಂದು 2012ರಲ್ಲಿ ತೋರಿಸಿದ್ದಾರೆ.

ಬಾಗಲಕೋಟೆಯ ನಮ್ಮ ಕಾಲೇಜು ಪ್ರಯೋಗಾಲಯದಲ್ಲಿ ನರಕೋಶಕ್ಕೆ ಎಲೆಕ್ಟ್ರೋಡ್ ಇಳಿಸುವ ಸೌಕರ್ಯವಿಲ್ಲ. ಅದರ ಬದಲು, ಪಟ್ಟೆ ಸರಿದತ್ತ ನೊಣ ತಲೆ ತಿರುಗಿಸುವುದನ್ನು ಅಳೆಯುತ್ತೇವೆ. ನೊಣದ ಸುತ್ತ ತಿರುಗುವ 20 ಸೆಂ.ಮೀ. ಒಳವ್ಯಾಸದ ಡ್ರಮ್ಮಿಗೆ 2.6 ಸೆಂ.ಮೀ. ಅಗಲದ 12 ಕಪ್ಪು, 12 ಬಿಳಿ ಪಟ್ಟೆ. ಒಂದು ಜೋಡಿಗೆ 30 ಡಿಗ್ರಿ. ನಿಮಿಷಕ್ಕೆ 5 ಸುತ್ತು ಎಂದರೆ 1 ಹರ್ಟ್ಜ್ (ಸೆಕೆಂಡಿಗೆ ಒಂದು ಜೋಡಿ), 25 ಸುತ್ತು ಎಂದರೆ 5. ಜೋಡಿ 10 ಡಿಗ್ರಿಗಿಂತ ಕಿರಿದಾದರೆ ನೊಣ ಹಿಮ್ಮುಖವಾಗಿ ತಿರುಗಬಹುದು, ಏಕೆಂದರೆ ಅದರ ಕಣ್ಣಿನ ಪಕ್ಕಪಕ್ಕದ ಘಟಕಗಳ ನಡುವೆಯೇ ಸುಮಾರು 5 ಡಿಗ್ರಿ ಇದೆ. ಹೊಳಪಿನ ಕಾಗದ ಬೇಡ. ಟ್ಯೂಬ್‌ಲೈಟಂತೂ ಬೇಡವೇ ಬೇಡ: ಸೆಕೆಂಡಿಗೆ 100 ಸಲದ ಅದರ ಮಿನುಗನ್ನು ನೊಣದ ಕಣ್ಣು ಹಿಡಿಯಬಲ್ಲದು. 12 ವೋಲ್ಟ್ ಬ್ಯಾಟರಿಯ ಎಲ್‌ಇಡಿ ಬಳಸಿ. ಕರೆಂಟ್ ಹೋದರೂ ಚಿಂತೆಯಿಲ್ಲ. ಡ್ರಮ್ ತಿರುಗಿಸುವ ಸ್ಟೆಪರ್ ಮೋಟರಿಗೆ ಮೈಕ್ರೋಸ್ಟೆಪ್ (ಪ್ರತಿ ಹೆಜ್ಜೆಯನ್ನು ಚಿಕ್ಕ ಚೂರುಗಳಾಗಿಸುವ ವ್ಯವಸ್ಥೆ) ಹಾಕದಿದ್ದರೆ 1.8 ಡಿಗ್ರಿಯ ಜಿಗಿತಗಳು ಬೀಳುತ್ತವೆ.

ನೊಣವನ್ನು ಮಂಜುಗಡ್ಡೆಯ ಮೇಲೆ ತಣಿಸಿ, ಬೆನ್ನಿಗೆ ಯುವಿ ಅಂಟಿನಿಂದ ತೆಳು ತಂತಿ ಕೂಡಿಸಿ. ಅಂಟು ಕುತ್ತಿಗೆಗೆ ತಾಗಿದರೆ ತಲೆ ತಿರುಗದು, ರೆಕ್ಕೆಯ ಬುಡಕ್ಕೆ ತಾಗಿದರೆ ಹಾರದು. ಚೇತರಿಕೆಗೆ ಒಂದು ತಾಸು ಬಿಡಿ. ಕಾಲಿಗೆ ಕಾಗದದ ಚೂರು ಕೊಟ್ಟರೆ ಸುಮ್ಮನಿರುತ್ತದೆ, ಕಿತ್ತುಕೊಂಡು ಮೆಲ್ಲಗೆ ಊದಿದರೆ ಹಾರುತ್ತದೆ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮ್ ವೇಗದಲ್ಲಿ ಮೇಲಿನಿಂದ ಚಿತ್ರಿಸಿ.

ಕೂತಾಗಿನ ಮತ್ತು ಹಾರುವಾಗಿನ ತಿರುವಿನ ಪ್ರಮಾಣವನ್ನು ನೇರವಾಗಿ ಹೋಲಿಸಬಾರದು. ಹಾರುವಾಗ ಕುತ್ತಿಗೆಯ ಮೋಟರ್ ನರಕೋಶಗಳೂ ಬದಲಾಗುವುದರಿಂದ ಹೆಚ್ಚಳವೆಲ್ಲ ದೃಷ್ಟಿಯದೇ ಎನ್ನಲಾಗದು. ಪ್ರತಿ ಸ್ಥಿತಿಯ ಗರಿಷ್ಠವನ್ನು 1 ಎಂದಿಟ್ಟು, ಆ ಗರಿಷ್ಠ ಯಾವ ಹರ್ಟ್ಜಿನಲ್ಲಿ ಬೀಳುತ್ತದೆಂದು ನೋಡಿ. ನನಗೆ ನಂಬಿಕೆ ಇರುವುದು ಈ ಅಳತೆಯ ಮೇಲೆ ಮಾತ್ರ.

ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೊಣದ ತಳಿಗಳನ್ನು 25ರಲ್ಲೇ ಇಡಬೇಕು, 30 ದಾಟಿದರೆ ಗಂಡುಗಳು ಬಂಜೆಯಾಗುತ್ತವೆ. ಆಹಾರ: ಲೀಟರ್ ನೀರಿಗೆ ರವಾ 100 ಗ್ರಾಂ, ಬೆಲ್ಲ 100 ಗ್ರಾಂ (ನಮಗೆ ಮಹಾಲಿಂಗಪುರದ್ದೇ), ಅಗರ್ 10 ಗ್ರಾಂ, ಪ್ರೊಪಿಯಾನಿಕ್ ಆಮ್ಲ 7.5 ಮಿ.ಲೀ. ಹಸಿದ ನೊಣ ಅಳೆಯಬೇಡಿ: ಹಸಿವಿನ ಚಡಪಡಿಕೆಯೂ ಆಕ್ಟೋಪಮೈನಿನದೇ ಕೆಲಸ.

ಟೈರಮೈನನ್ನು ಆಕ್ಟೋಪಮೈನ್ ಆಗಿಸುವ ಕಿಣ್ವವಾದ ಟೈರಮೈನ್ ಬೀಟಾ ಹೈಡ್ರಾಕ್ಸಿಲೇಸ್ ಇಲ್ಲದ ತಳಿಯನ್ನು ಹೋಲಿಕೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ಆಕ್ಟೋಪಮೈನ್ ತಯಾರಾಗುವುದಿಲ್ಲ. ಆದರೆ ಟೈರಮೈನ್ ಕೂಡಿಬೀಳುತ್ತದೆ, ಹಾರಾಟವೂ ಕ್ಷೀಣ. ಆದ್ದರಿಂದ ರೆಕ್ಕೆ ನಿಂತ ಫ್ರೇಮುಗಳನ್ನು ಬಿಟ್ಟೇ ಲೆಕ್ಕ ಹಾಕಿ.