ಫ್ಲ್ಯಾಟ್ ನವೀಕರಣ: ಗೋಡೆಗೆ ಸುತ್ತಿಗೆ ಬೀಳುವ ಮುನ್ನ

ಹಳೇ ಫ್ಲ್ಯಾಟಿಗೆ ಹೊಸ ಕಳೆ ಕೊಡಲು ಹೊರಟವರು ಸಾಮಾನ್ಯವಾಗಿ ಮೊದಲು ಟೈಲ್ಸ್ ಅಂಗಡಿ ಹೊಕ್ಕುತ್ತಾರೆ. ಅದಕ್ಕಿಂತ ಮೊದಲು ಬೀರು ತೆರೆಯಿರಿ. ಡೀಡ್ ಆಫ್ ಡಿಕ್ಲರೇಷನ್ (ಕಟ್ಟಡದಲ್ಲಿ ಯಾವುದು ಒಬ್ಬೊಬ್ಬರದು, ಯಾವುದು ಎಲ್ಲರದು ಎಂದು ಘೋಷಿಸುವ ಪತ್ರ), ಮಾಲೀಕರ ಸಂಘದ ಬೈಲಾ, ಮಂಜೂರಾದ ನಕ್ಷೆ, ಈ ಮೂರನ್ನೂ ಹೊರತೆಗೆದು ಓದಿ. ಮನೆ ನಿಮ್ಮದೇ. ಆದರೆ ಕಂಬ, ತೊಲೆ, ಅಡಿಪಾಯ, ಕೊಳವೆ ಹಾದುಹೋಗುವ ಡಕ್ಟ್ ಎಲ್ಲರದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ, ಕಟ್ಟಡದ ಭದ್ರತೆಗೆ ಧಕ್ಕೆ ತರುವ ಅಥವಾ ಹೊಸ ರಚನೆ ಸೇರಿಸುವ ಕೆಲಸವನ್ನು ಉಳಿದೆಲ್ಲ ಮಾಲೀಕರ ಒಮ್ಮತವಿಲ್ಲದೆ ಮಾಡುವಂತಿಲ್ಲ.

ಮುಂದಿನ ಪ್ರಶ್ನೆ: ಯಾವ ಗೋಡೆ ಒಡೆಯಬಹುದು? ತಟ್ಟಿ ನೋಡಿ ಹೇಳುವ ಮೇಸ್ತ್ರಿಯ ಮಾತನ್ನಷ್ಟೇ ನಂಬಬೇಡಿ. ಕಂಬ-ತೊಲೆಯ ಕಟ್ಟಡದಲ್ಲಿ ಒಳಗಿನ ಬ್ಲಾಕ್ ಗೋಡೆ ಹೆಚ್ಚಾಗಿ ಬರೀ ಅಡ್ಡಗೋಡೆ. ಆದರೆ ಈಚಿನ ಎಷ್ಟೋ ಎತ್ತರದ ಕಟ್ಟಡಗಳು ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಕಟ್ಟಿದವು, ಜನ ಮೈವಾನ್ ಎನ್ನುವುದು ಇದಕ್ಕೇ. ಅಲ್ಲಿ ಗೋಡೆಯೇ ಕಂಬ. ವಾಸ್ತು ಸರಿಯಿಲ್ಲವೆಂದು ಅಡುಗೆಮನೆ ಬಾಗಿಲು ಸರಿಸಲು ಅಲ್ಲಿ ಕೈಹಾಕಿದರೆ ಮೇಲಿನ ಮಹಡಿಗಳ ಭಾರ ಹೊತ್ತ ಕಬ್ಬಿಣಕ್ಕೇ ಕತ್ತರಿ ಬೀಳುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಇಡೀ ಕೆಲಸದಲ್ಲಿ ಚೌಕಾಸಿ ಮಾಡಬಾರದ ಖರ್ಚು ಇದೊಂದೇ.

ನೆಲದ ಭಾರವನ್ನೂ ಲೆಕ್ಕ ಹಾಕಿ. ವಾಸದ ಕೋಣೆಗಳ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರ (ಜನ, ಪೀಠೋಪಕರಣ ಇತ್ಯಾದಿ) ಹೊರುವಂತೆ ವಿನ್ಯಾಸಗೊಂಡಿರುತ್ತದೆ. ಹಳೇ ನೆಲ ಕೀಳದೆ ಅದರ ಮೇಲೇ 40 ಮಿ.ಮೀ. ಗಾರೆ, 20 ಮಿ.ಮೀ. ಗ್ರಾನೈಟ್ ಹಾಸಿದರೆ ಹತ್ತಿರಹತ್ತಿರ 140 ಕಿಲೋ ಅಲ್ಲೇ ಸೇರಿತು. ಹಳೆಯದನ್ನು ಕಿತ್ತು ಹಾಸಿ, ಇಲ್ಲವೇ ತೆಳು ಟೈಲ್ಸನ್ನು ಅಂಟಿನಿಂದ ಕೂರಿಸಿ.

ಸ್ನಾನದ ಮನೆಯ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ. ಮೇಲಿನ ಮನೆಯವರು ಟೈಲ್ಸ್ ಬದಲಿಸಿದರು, ಕೆಳಗಿನ ವಾಟರ್‌ಪ್ರೂಫಿಂಗ್ ಪದರ ಹರಿದದ್ದು ಯಾರಿಗೂ ತಿಳಿಯಲಿಲ್ಲ. ಎರಡೇ ತಿಂಗಳಲ್ಲಿ ನಮ್ಮ ಚಾವಣಿ ತೊಟ್ಟಿಕ್ಕತೊಡಗಿತು. ಟೈಲ್ಸ್ ಕಿತ್ತರೆ ಪದರವನ್ನೂ ಹೊಸದಾಗಿ ಹಾಕಿಸಿ. ಕೊಳವೆಯ ಬಾಯಿ ಮುಚ್ಚಿ, ನೀರು ಕಟ್ಟಿ, 48 ಗಂಟೆ ಬಿಡಿ. ಕೆಳಗಿನ ಮನೆಯವರನ್ನೇ ಕರೆದು ಅವರ ಚಾವಣಿ ನೋಡಿಸಿ. ಆಮೇಲೆ ಹೊಸ ಟೈಲ್ಸ್. ಶೌಚಾಲಯವನ್ನು ಮತ್ತೊಬ್ಬರ ಅಡುಗೆಮನೆಯ ನೆತ್ತಿಗೆ ಸರಿಸುವ ಯೋಚನೆಯನ್ನು ಬಿಟ್ಟೇಬಿಡಿ.

ಪಾಲಿಕೆ ಅನುಮತಿ? ಬಣ್ಣ, ಗಾರೆ, ನೆಲಹಾಸು, ಫಾಲ್ಸ್ ಸೀಲಿಂಗ್‌ನಂಥವಕ್ಕೆ, ಕಟ್ಟಡದ ಭದ್ರತೆಗೂ ಅಗ್ನಿಸುರಕ್ಷತೆಗೂ ಧಕ್ಕೆಯಾಗದಿದ್ದರೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಪರವಾನಗಿ ಕೇಳುವುದಿಲ್ಲ. ಬಾಲ್ಕನಿಗೆ ಗೋಡೆ ಕಟ್ಟಿ ಕೋಣೆ ಮಾಡುವುದು ಬೇರೆ ಮಾತು, ಅದು ಮಂಜೂರಾದ ನಕ್ಷೆಯನ್ನೇ ಮೀರುತ್ತದೆ. ಬೆಂಗಳೂರಿನವರು ನೆನಪಿಡಿ: 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಿವೆ. ನಿಮ್ಮ ಮನೆ ಯಾವುದಕ್ಕೆ ಸೇರಿದೆ ಎಂದು ತಿಳಿದುಕೊಂಡು ಅಲ್ಲಿನ ನಗರ ಯೋಜನೆ ವಿಭಾಗಕ್ಕೆ ಹೋಗಿ.

ಫ್ಲ್ಯಾಟ್ ಹೊಸದಾಗಿದ್ದರೆ ಇನ್ನೊಂದು ಎಚ್ಚರ. ಸ್ವಾಧೀನ ಪಡೆದ 5 ವರ್ಷದೊಳಗೆ ಕಾಣುವ ರಚನಾ ದೋಷವನ್ನು ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕೆಂದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಹೇಳುತ್ತದೆ. ಅಷ್ಟರಲ್ಲೇ ನೀವು ಗೋಡೆ ಒಡೆದಿದ್ದರೆ ಬಿರುಕಿಗೆ ನೀವೇ ಕಾರಣ ಎನ್ನಲು ಅವರಿಗೆ ದಾರಿಯಾಗುತ್ತದೆ. ಇರುವ ಬಿರುಕುಗಳನ್ನು ಮೊದಲೇ ಬರಹದಲ್ಲಿ ತಿಳಿಸಿ.

ಇಷ್ಟಾದ ಮೇಲೆ ಸಂಘಕ್ಕೆ ಅರ್ಜಿ: ನಕ್ಷೆ, ಎಂಜಿನಿಯರ್ ಪತ್ರ, ಕೆಲಸದ ದಿನಗಳು, ಗುತ್ತಿಗೆದಾರರ ವಿವರ. ಡ್ರಿಲ್ಲಿಂಗ್ ಸಮಯ, ಲಿಫ್ಟ್ ಬಳಕೆ, ಠೇವಣಿ ಕುರಿತು ಬೈಲಾ ಏನನ್ನುತ್ತದೋ ಹಾಗೆ. ಎಸಿ, ಗೀಸರ್ ಹೆಚ್ಚಾಗುವುದಿದ್ದರೆ ಬೆಸ್ಕಾಂ ಬಿಲ್ಲಿನಲ್ಲಿರುವ ಮಂಜೂರಾದ ಲೋಡ್ ಸಾಕೇ ನೋಡಿ. ಒಡೆದ ಅವಶೇಷವನ್ನು ಮನೆಕಸದ ಜೊತೆ ಬೆರೆಸದೆ ಬೇರೆಯಾಗಿ ಸಾಗಿಸಲು ಗುತ್ತಿಗೆಯಲ್ಲೇ ಬರೆಸಿ. ಕೆರೆಯಂಚಿಗೋ ರಾಜಕಾಲುವೆಗೋ ಅದು ಬೀಳಬಾರದು.

ಹೊಸ ಕೊಳವೆ, ತಂತಿ ಕೂರಿಸಿದ ಮೇಲೆ, ಗಾರೆ ಮೆತ್ತುವ ಮುನ್ನ ಗೋಡೆಗೆ ಅಳತೆಪಟ್ಟಿ ಹಿಡಿದು ಒಂದೊಂದರ ಫೋಟೊ ತೆಗೆದಿಡಿ. ನಾಳೆ ಗಡಿಯಾರಕ್ಕೆ ಮೊಳೆ ಹೊಡೆಯುವಾಗ ಅದೇ ನಿಮ್ಮ ನಕ್ಷೆ.